ಬಲಗಡೆ ಬಿಟ್ಟ ಜಾಗ

ಏಪ್ರಿಲ್ ೩, ಗುರುವಾರ
ಮನೆಯಿಂದ

ಪ್ರೀತಿಯ ಮಗಳೇ,

ಅಪ್ಪನ ಆಶೀರ್ವಾದಗಳು. ನೀನು, ಅಳಿಯಂದಿರು, ನಮ್ಮ ಪುಟಾಣಿ ಎಲ್ಲರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಯಾತ್ರೆಯಿಂದ ಬಂದ ಮರುದಿನವೇ ಬರೆಯುತ್ತೇನೆಂದು ಹೇಳಿ ಇಷ್ಟು ದಿನ ಸುಮ್ಮನಿದ್ದುದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಅಂಗಾಲೆಲ್ಲ ಗುಳ್ಳೆ ಎದ್ದಿತ್ತು. ಕಾಗದ ಬರೆಯುವುದು ಕಾಲಿನಿಂದಲ್ಲವಲ್ಲ ಎಂದು ನೀನು ಕೇಳುತ್ತೀಯ, ಗೊತ್ತು. ನಿಜ ಸಂಗತಿಯೆಂದರೆ ನಿನ್ನ ಅಮ್ಮ ಮೊಣಕಾಲಿಗೆ ಪಟ್ಟಿ ಹಾಕಿಸಿಕೊಂಡು ಹಜಾರದ ಮಂಚದ ಮೇಲೇ ಇದ್ದಾಳೆ. ಅಲ್ಲಿಂದ ಅಡುಗೆಮನೆ, ಬಾಗಿಲು, ನನ್ನ ಮೇಜು ಎಲ್ಲವೂ ಕಾಣುತ್ತವೆ. ಫೋನ್ ಅವಳ ದಿಂಬಿನ ಪಕ್ಕದಲ್ಲಿರುತ್ತದೆ. ಇವತ್ತು ಪಕ್ಕದ ಮನೆಯಾಕೆ ಅವಳನ್ನು ಪಟ್ಟಿ ಬಿಚ್ಚಿಸಲು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಾಳೆ. ಅವರು ಬರುವಷ್ಟರಲ್ಲಿ ಇದನ್ನು ಮುಗಿಸಿ ಅಂಚೆಗೆ ಹಾಕಬೇಕು. ನಿನ್ನ ಮನೆಯಲ್ಲಿ ಬೇರೆ ಯಾರೂ ಓದಿ ಫೋನಿನಲ್ಲಿ ಅಮ್ಮನಿಗೆ ಹೇಳಿಬಿಡದಿರಲಿ ಎಂದು ನೀನು ಕೆಲಸ ಮಾಡುವ ಲ್ಯಾಬಿನ ವಿಳಾಸಕ್ಕೆ ಕಳಿಸುತ್ತಿದ್ದೇನೆ, ಕಾರಣ ಓದುತ್ತಾ ಹೋದರೆ ತಿಳಿಯುತ್ತದೆ.

ನಿನಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಬರೆಯುತ್ತೇನೆ. ಡಿಪೋದಲ್ಲಿ ಅಪಘಾತದ ವರದಿ ಬರೆದು ಬರೆದು ನನಗೆ ಅದೇ ರೂಢಿ. ಯಾವ ರಸ್ತೆ, ಯಾವ ಹೊತ್ತು, ಬಸ್ಸು ಯಾವ ಕಡೆಗಿತ್ತು, ಇದಿಲ್ಲದೆ ನನ್ನ ಪೆನ್ನು ಮುಂದೆ ಹೋಗುವುದಿಲ್ಲ.

ನಿನ್ನ ತಮ್ಮ ಕೆಲಸ ಮಾಡುತ್ತಿದ್ದ ಸುರಂಗಕ್ಕೆ ನೀರು ನುಗ್ಗಿ ಆರು ವರ್ಷವಾಯಿತು. ಸಿಕ್ಕಿದ ಹೆಣಗಳಲ್ಲಿ ಅವನಿರಲಿಲ್ಲ, ಉಳಿದು ಬಂದವರಲ್ಲಿಯೂ ಇರಲಿಲ್ಲ. ಮೇಸ್ತ್ರಿಯ ಜೊತೆ ಜಗಳವಾಡಿ ಹಿಂದಿನ ದಿನವೇ ಬ್ಯಾಗು ತೆಗೆದುಕೊಂಡು ಹೊರಟುಹೋದ ಎಂದು ಅವನ ಕೋಣೆಯವನೊಬ್ಬ ಹೇಳಿದ. ಕೋಣೆಯಲ್ಲಿ ಬ್ಯಾಗು ಇರಲಿಲ್ಲ, ಅದೂ ನಿಜ. ನಾನು ಅಲ್ಲಿಂದ ಬಂದು ಈ ಮಾತು ಹೇಳಿದಾಗ ಅಮ್ಮ, "ಸಾಯೋಕೆ ಹೋಗೋನು ಬ್ಯಾಗು ತಗೊಂಡು ಹೋಗ್ತಾನೇನ್ರೀ? ಎಲ್ಲೋ ಕೋಪ ಮಾಡ್ಕೊಂಡು ಕೂತಿದ್ದಾನೆ," ಎಂದಳು. ಅವತ್ತಿನಿಂದ ಈ ಮನೆಯಲ್ಲಿ ಅವನ ಹಾಸಿಗೆಯ ಹೊದಿಕೆ ವಾರಕ್ಕೊಮ್ಮೆ ಬದಲಾಗುತ್ತದೆ. ಅವನ ನಂಬರು ನಿಂತುಹೋಗಬಾರದೆಂದು ನಾನು ತಪ್ಪದೆ ರೀಚಾರ್ಜ್ ಮಾಡಿಸುತ್ತೇನೆ. ಅದನ್ನು ಅವಳಿಗೆ ಕಾಣುವ ಹಾಗೆಯೇ ಮಾಡುತ್ತೇನೆ. ಅವಳು ಧೈರ್ಯವಾಗಿರಲಿ ಎಂದು.

ನನ್ನ ನಂಬಿಕೆ ಏನಿತ್ತೆಂದು ಇವತ್ತಿನವರೆಗೆ ಯಾರಿಗೂ ಹೇಳಿಲ್ಲ. ನಾನು ಆ ಸುರಂಗದ ಬಾಯಿಯಲ್ಲಿ ನಿಂತು ನೋಡಿದೆ. ಕೆಸರು ಮೇಲಿನ ದೀಪದ ಕಂಬಿಯವರೆಗೆ ಬಂದು ಗಟ್ಟಿಯಾಗಿತ್ತು. ಒಳಗಿನ ಭಾಗವನ್ನು ತೆಗೆಯಲಾಗುವುದಿಲ್ಲ, ಹಾಗೆಯೇ ಮುಚ್ಚುತ್ತೇವೆ ಎಂದು ಎಂಜಿನಿಯರ್ ಹೇಳಿದ. ನನಗೆ ಅಲ್ಲೇ ಗೊತ್ತಾಯಿತು.

ಇನ್ನು ಯಾತ್ರೆಯ ವಿಷಯ. ಅಮ್ಮ ಏಳು ವರ್ಷದ ಹರಕೆ ಹೊತ್ತಿದ್ದು ನಿನಗೆ ಗೊತ್ತು. ಆರು ಸಲ ನಡೆದಿದ್ದಾಳೆ. ಬೆಳಗಿನ ಜಾವ ಚರ್ಚಿನ ಮುಂದೆ ಅವಳನ್ನು ಇಳಿಸಿ ಡ್ಯೂಟಿಗೆ ಹೋಗುತ್ತಿದ್ದೆ, ಮರುದಿನ ಯಾತ್ರೆ ಮುಗಿದ ಮೇಲೆ ಬೆಟ್ಟದ ಕೆಳಗಿನ ಬಸ್ ನಿಲ್ದಾಣದಿಂದ ಕರೆತರುತ್ತಿದ್ದೆ. ನಡುವೆ ಏನು ನಡೆಯುತ್ತದೆಂದು ನೋಡಿದವನಲ್ಲ. ಈ ವರ್ಷ ಅವಳು ಮಹಡಿ ಮೆಟ್ಟಿಲಲ್ಲಿ ಜಾರಿದಳು. ಹೊತ್ತವರಿಗೆ ಆಗದಿದ್ದರೆ ಮನೆಯವರು ನಡೆಯಬಹುದು ಎಂದು ಗುರುಗಳು ಹೇಳಿದರಂತೆ. ಚರ್ಚಿನಲ್ಲಿ ಕೊನೆಯ ಬೆಂಚಿಗೂ ಹಿಂದೆ ನಿಲ್ಲುವವನು ನಾನು, ಪ್ರಾಯಶ್ಚಿತ್ತ ಯಾತ್ರೆಗೆ ಹೊರಟೆ.

ಅದರ ಕ್ರಮ ಹೀಗೆ. ಎರಡು ದಿನ ಬರಿಗಾಲಲ್ಲಿ ನಡೆಯಬೇಕು, ಬ್ರೆಡ್ಡು ಮತ್ತು ನೀರು ಬಿಟ್ಟು ಬೇರೇನೂ ಇಲ್ಲ. ಸಾಲಿನಲ್ಲಿ ಇಬ್ಬಿಬ್ಬರಾಗಿ ಹೋಗಬೇಕು. ಆದರೆ ಮನೆಯಲ್ಲಿಲ್ಲದ ಒಬ್ಬರಿಗಾಗಿ ನಡೆಯುವವರು ಒಂಟಿಯಾಗಿ, ಪಕ್ಕದಲ್ಲಿ ಒಬ್ಬ ಮನುಷ್ಯನಷ್ಟು ಜಾಗ ಖಾಲಿ ಬಿಟ್ಟುಕೊಂಡು ನಡೆಯುತ್ತಾರೆ. ಆ ಜಾಗಕ್ಕೆ ಯಾರೂ ಕಾಲಿಡುವ ಹಾಗಿಲ್ಲ. ಬದುಕಿರುವವರಿಗೆ ಬಲಗಡೆ. ತೀರಿಕೊಂಡವರಿಗೆ ಎಡಗಡೆ, ಹೃದಯ ಇರುವ ಕಡೆ. ಬೆಟ್ಟದ ಮೇಲಿನ ಗುಡಿಯ ಬಾಗಿಲಲ್ಲಿ ಗುರುಗಳು ಆ ಖಾಲಿ ಜಾಗಕ್ಕೆ ತೀರ್ಥ ಚಿಮುಕಿಸಿ, ಬಲಕ್ಕೆ ಒಂದು ಪ್ರಾರ್ಥನೆ, ಎಡಕ್ಕೆ ಇನ್ನೊಂದು ಹೇಳುತ್ತಾರೆ.

"ಬಲಗಡೆ ಬಿಡಿ, ಮರೀಬೇಡಿ," ಎಂದು ಅಮ್ಮ ಹಿಂದಿನ ದಿನ ಮೂರು ಸಲ ಹೇಳಿದಳು. "ಕನ್ನಡಿ ಇಲ್ದಿದ್ರೆ ನಿಮಗೆ ಎಡ ಬಲ ಗೊತ್ತಾಗಲ್ಲ."

"ಇಷ್ಟು ವರ್ಷ ಬಸ್ಸು ಓಡಿಸಿದೀನಿ ಕಣೇ."

"ಬಸ್ಸಿಗೆ ಗೊತ್ತಿತ್ತು. ನಿಮಗಲ್ಲ."

ಚರ್ಚಿನ ಅಂಗಳದಲ್ಲಿ ಹಣೆಗೆ ಬೂದಿ ಹಚ್ಚಿಸಿಕೊಂಡು, ಚಪ್ಪಲಿಗಳನ್ನು ಗೋಣಿಚೀಲಕ್ಕೆ ಹಾಕಿ ನಿಂತೆವು. ಸಾಲು ನೋಡಿಕೊಳ್ಳುವವರು ಒಬ್ಬ ನಿವೃತ್ತ ಆಟದ ಮಾಸ್ತರು. ಕುತ್ತಿಗೆಯಲ್ಲಿ ಸೀಟಿ ಇನ್ನೂ ನೇತಾಡುತ್ತಿದ್ದುದರಿಂದ ಎಲ್ಲರೂ ಅವರನ್ನು ಸೀಟಿ ಮಾಸ್ತರು ಎನ್ನುತ್ತಾರೆ. ಅವರು ನನ್ನನ್ನು ಕಂಡು, "ಓ, ಡ್ರೈವರಣ್ಣ! ಅಮ್ಮನ ಬದಲು ನೀವಾ?" ಎಂದರು. ನಾನು ಬಲಗೈ ಚಾಚಿ, "ಈ ಕಡೆ," ಎಂದೆ. ಅವರು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದರು. ಬಾಯಿ ತೆರೆದು ಏನೋ ಹೇಳಲು ಹೋದರು. ಅಷ್ಟರಲ್ಲಿ ಮುಂದಿನವರು ಜಪಸರ ಶುರುಮಾಡಿದರು. ಮಧ್ಯಾಹ್ನದವರೆಗೆ ಪ್ರಾರ್ಥನೆ ಬಿಟ್ಟು ಬೇರೆ ಮಾತಾಡಬಾರದೆಂಬ ನಿಯಮ. ಅವರು ನನ್ನ ಭುಜವನ್ನು ಗಟ್ಟಿಯಾಗಿ ಅದುಮಿ ಮುಂದೆ ಹೋದರು.

ನನ್ನ ಹಿಂದೆಯೇ ನಡೆಯುತ್ತಿದ್ದವಳು ಒಬ್ಬ ಟೈಲರಮ್ಮ. ಶಾಲೆಯ ಸಮವಸ್ತ್ರ ಹೊಲಿಯುವವಳು, ವಯಸ್ಸು ನಿನ್ನ ಅಮ್ಮನಷ್ಟು. ಸರಕು ಹಡಗಿನಲ್ಲಿದ್ದ ಗಂಡ ನಡುಸಮುದ್ರದಲ್ಲಿ ಕಾಣೆಯಾದನಂತೆ. ಅವನಿಗಾಗಿ ಎಡಗಡೆ ಜಾಗ ಬಿಟ್ಟಿದ್ದಳು. ಮಧ್ಯಾಹ್ನ ಮಾತಿಗೆ ಬಿಡುವು ಸಿಕ್ಕಿದ ಕೂಡಲೇ ಶುರುಮಾಡಿದಳು:

"ಡ್ರೈವರಣ್ಣ, ಬೆಳಿಗ್ಗೆಯಿಂದ ನೋಡ್ತಿದೀನಿ. ನೀವು ಬಲಕ್ಕೆ ಬಲಕ್ಕೆ ಎಳೀತಿದೀರ. ಮಗನ್ನ ಚರಂಡಿಗೆ ತಳ್ತೀರೋ ಹೇಗೆ?"

"ಎಡಗಡೆ ಸ್ವಲ್ಪ ಜಾಗ ಬೇಕು ಅನ್ಸುತ್ತಮ್ಮ, ಅಭ್ಯಾಸ," ಎಂದೆ.

ಅದು ನಿಜವೇ. ನನ್ನ ಬಸ್ಸಿನಲ್ಲಿ ಎಂಜಿನ್ ಪೆಟ್ಟಿಗೆ ಎಡಗಡೆಗಿತ್ತು. ಶಾಲೆಗೆ ರಜೆ ಇದ್ದಾಗಲೆಲ್ಲ ನಿನ್ನ ತಮ್ಮ ಅದರ ಮೇಲೆಯೇ ಕೂರುತ್ತಿದ್ದ. ಹಿಂಬದಿ ಸುಡುತ್ತದೆ ಎಂದು ಗೋಣಿತಟ್ಟು ಮಡಿಸಿ ಹಾಕಿಕೊಳ್ಳುತ್ತಿದ್ದ. ರಸ್ತೆ ಬಿಟ್ಟು ಆ ಕಡೆ ನೋಡುವ ಹಾಗಿರಲಿಲ್ಲ, ಆದರೆ ಅವನು ಇದ್ದಾನೋ ಇಳಿದು ಹಿಂದೆ ಹೋದನೋ ಎಂದು ನೋಡದೆಯೇ ನನಗೆ ತಿಳಿಯುತ್ತಿತ್ತು. ಪಕ್ಕದಲ್ಲಿ ಒಬ್ಬರು ಇರುವುದು ಚರ್ಮಕ್ಕೆ ಗೊತ್ತಾಗುತ್ತದೆ.

ಮಗಳೇ, ಈಗ ಬರೆಯುವುದನ್ನು ಹೇಗೆ ತೆಗೆದುಕೊಳ್ಳುತ್ತೀಯೋ. ಬೆಳಗಿನಿಂದ ನನ್ನ ಎಡಗಡೆ ಒಬ್ಬರು ನಡೆಯುತ್ತಿದ್ದರು. ಹೆಜ್ಜೆ ಸದ್ದೆಂದು ಹೇಳಲಾರೆ, ನೂರಾರು ಬರಿಗಾಲುಗಳ ನಡುವೆ ಯಾವುದೆಂದು ಗೊತ್ತಾಗುವುದಿಲ್ಲ. ಬಿಸಿಲು ಏರಿದ ಮೇಲೂ ನನ್ನ ಎಡತೋಳು ಮಾತ್ರ ತಣ್ಣಗಿತ್ತು. ಆ ಕಡೆ ತಿರುಗಿದರೆ ಜಲ್ಲಿಕಲ್ಲು, ಒಣಹುಲ್ಲು. ಬಲಗಡೆಯ ಜಾಗ, ನಾನು ಬೇಕೆಂದು ಬಿಟ್ಟ ಜಾಗ, ಬರೀ ಖಾಲಿ. ಅಲ್ಲಿ ಏನೂ ಇರಲಿಲ್ಲ.

ದಾರಿಯಲ್ಲಿ ಗುರುಗಳು ಯಾತ್ರಿಕರ ಜೊತೆ ಹೆಜ್ಜೆ ಹಾಕುತ್ತಲೇ ಪಾಪನಿವೇದನೆ ಕೇಳುತ್ತಾರೆ. ಒಬ್ಬ ಚಿಕ್ಕ ವಯಸ್ಸಿನ ಗುರು ನನ್ನ ಹತ್ತಿರ ಬಂದು, ಬಲಗಡೆ ಬರುವಂತಿಲ್ಲವೆಂದು ಗೊತ್ತಿದ್ದುದರಿಂದ, ಎಡಕ್ಕೆ ಬಂದರು.

"ಅಲ್ಲಿ ಬೇಡ ಫಾದರ್," ಎಂದುಬಿಟ್ಟೆ. "ಅಲ್ಲಿ ಜಾಗ ಇಲ್ಲ."

ಅವರು ಇಬ್ಬರು ಆರಾಮಾಗಿ ನಡೆಯಬಹುದಾದ ಆ ಜಾಗವನ್ನು ನೋಡಿದರು, ನನ್ನನ್ನು ನೋಡಿದರು. "ಸರಿ, ಆಮೇಲೆ ಬರ್ತೀನಿ," ಎಂದು ಹಿಂದೆ ಸರಿದರು. ಟೈಲರಮ್ಮನ ಕಿವಿಗೆ ಅದು ಬಿದ್ದಿತ್ತು. "ಏನಣ್ಣ, ಎರಡೂ ಕಡೆ ಜಾಗ ಬಿಟ್ಕೊಂಡು ನಡೆದ್ರೆ ಹೇಗೆ? ರಸ್ತೆ ಏನು ನಿಮ್ಮ ಡಿಪೋದಾ?" ಎಂದು ನಕ್ಕಳು. ನಾನೂ ನಕ್ಕೆ. ತೋಳಿನ ಕೂದಲು ಮಾತ್ರ ನಿಂತೇ ಇತ್ತು.

ಇನ್ನೊಂದು ವಿಚಿತ್ರ. ಮಧ್ಯಾಹ್ನದ ಮೇಲೆ ಜನ ನನ್ನನ್ನು ನೋಡಿ ನಗತೊಡಗಿದರು. ಕುಹಕದ ನಗುವಲ್ಲ. ಗುರುತಿಲ್ಲದ ಮುದುಕರೊಬ್ಬರು ಬಂದು ನನ್ನ ಕೈ ಹಿಡಿದು ಕಣ್ಣಿಗೆ ಒತ್ತಿಕೊಂಡು ಹೋದರು. ಒಬ್ಬಾಕೆ ತನ್ನ ಪಾಲಿನ ನೀರನ್ನು ನನಗೆ ಕೊಟ್ಟಳು. ಮೊದಲ ಸಲ ನಡೆಯುವವರಿಗೆ ಹೀಗೆ ಮಾಡುತ್ತಾರೇನೋ ಎಂದುಕೊಂಡೆ.

ಸಂಜೆ ಒಂದು ಶಾಲೆಯಲ್ಲಿ ತಂಗಿದೆವು. ತರಗತಿಯ ಬೆಂಚುಗಳನ್ನು ಗೋಡೆಗೆ ಸರಿಸಿ ಚಾಪೆ ಹಾಸಿದ್ದರು. ನಾನು ಕಪ್ಪುಹಲಗೆಯ ಕೆಳಗೆ ಕೂತು ಅಂಗಾಲಿನ ಮುಳ್ಳು ತೆಗೆಯುತ್ತಿದ್ದೆ. ಸೀಟಿ ಮಾಸ್ತರು ಓಡಿಬಂದಂತೆ ಬಂದು ನನ್ನೆದುರು ಕುಕ್ಕರಗಾಲಲ್ಲಿ ಕೂತರು. ಅವರ ಕಣ್ಣಲ್ಲಿ ನೀರಿತ್ತು.

"ಇಡೀ ದಿನ ತಡ್ಕೊಂಡಿದ್ದೆ ಡ್ರೈವರಣ್ಣ. ಈಗ ಹೇಳಿ. ಎಲ್ಲಿ ಸಿಕ್ಕಿದ?"

"ಯಾರು?"

"ನಿಮ್ಮ ಮಗ! ಬದುಕಿದಾನೆ ಅಂತ ಯಾವಾಗ ಗೊತ್ತಾಯ್ತು?"

ನನಗೆ ತಲೆಬುಡ ಅರ್ಥವಾಗಲಿಲ್ಲ. "ಯಾರು ಹೇಳಿದ್ರು ಮಾಸ್ತರೇ?"

"ಯಾರು ಹೇಳ್ಬೇಕು? ಬಲಗಡೆ ಜಾಗ ಬಿಟ್ಟಿದೀರಲ್ಲ! ಇಷ್ಟು ವರ್ಷ ಅಮ್ಮ ಎಡಗಡೆ ಬಿಡ್ತಿದ್ರು. ಎಡದಲ್ಲಿದ್ದ ಹೆಸರು ಬಲಕ್ಕೆ ಬಂದಿದ್ದು ನಾನು ಸಾಲು ನೋಡೋಕೆ ಶುರು ಮಾಡಿದ ಮೇಲೆ ಇದೇ ಮೊದಲು. ಗುರುಗಳಿಗೂ ಹೇಳಿದೀನಿ. ನಾಳೆ ನೀವು ಮೇಲೆ ಹತ್ತಿದ ಕೂಡ್ಲೇ ಗಂಟೆ ಹೊಡಿಸ್ತಾರಂತೆ."

ನಾನು ಹಿಡಿದಿದ್ದ ಅಂಗಾಲನ್ನು ಕೆಳಗಿಳಿಸಿದೆ. "ಅವಳು ಎಡಗಡೆ ಬಿಡ್ತಿದ್ಳಾ? ಯಾವ ವರ್ಷದಿಂದ?" ಎಂದೆ.

ಅವರಿಗೆ ಆಗ ಹೊಳೆಯಿತು. ಮುಖದ ಬಣ್ಣ ಇಳಿಯಿತು. ಕತ್ತಿನ ಸೀಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನೆಲ ನೋಡಿದರು.

"ಮೊದಲನೇ ವರ್ಷದಿಂದ್ಲೂ," ಎಂದರು. "ಖಂಡಿತಾನಾ ಅಮ್ಮ ಅಂತ ಕೇಳಿದ್ದೆ. 'ಹೂಂ' ಅಂದ್ರು. 'ಆದ್ರೆ ನಮ್ಮನೆಯವರ ಕಿವಿಗೆ ಹಾಕ್ಬೇಡಿ ಮಾಸ್ತರೇ, ಅವರು ಇನ್ನೂ ಅವನ ಫೋನಿಗೆ ದುಡ್ಡು ಹಾಕ್ತಿದ್ದಾರೆ. ಅದೊಂದೇ ಅವರನ್ನ ಹಿಡಿದಿಟ್ಟಿರೋದು' ಅಂದ್ರು."

ಮಗಳೇ, ಮೊದಲನೇ ವರ್ಷ ಅವಳನ್ನು ಬಸ್ ನಿಲ್ದಾಣದಿಂದ ಕರೆತಂದ ದಿನ ನನಗೆ ನೆನಪಿದೆ. "ಬಲಗಡೆ ಬಿಟ್ಟಿದ್ದೆ ರೀ. ದಾರಿ ಪೂರ್ತಿ ಜೊತೆಗಿದ್ದ ಹಾಗಿತ್ತು. ಎಲ್ಲೋ ಇದಾನೆ," ಎಂದಿದ್ದಳು. ನಾನು, "ಇರ್ತಾನೆ, ಬರ್ತಾನೆ," ಎಂದಿದ್ದೆ. ಇಬ್ಬರೂ ಒಬ್ಬರನ್ನೊಬ್ಬರು ಸಮಾಧಾನ ಮಾಡಿದ್ದೆವು.

ಮಾಸ್ತರು ಗುರುಗಳಿಗೆ ಹೇಳಿ ಗಂಟೆ ಬೇಡವೆಂದು ತಿಳಿಸುತ್ತೇನೆ ಎಂದರು. ಜನರಿಗೆ ಏನು ಹೇಳುವುದೆಂದು ಅವರಿಗೂ ತೋಚಲಿಲ್ಲ, ನನಗೂ ತೋಚಲಿಲ್ಲ.

ಬೆಳಿಗ್ಗೆ ಸಾಲು ಕಟ್ಟುವಾಗ ಹಿಂದೆ ತಿರುಗಿ ನೋಡಿದೆ. ಟೈಲರಮ್ಮ ತನ್ನ ಎಡಗಡೆಯ ಜಾಗವನ್ನು ಬಲಕ್ಕೆ ಬದಲಿಸಿಕೊಂಡು ನಿಂತಿದ್ದಳು. ತಲೆ ಬಾಚಿಕೊಂಡಿದ್ದಳು. ಹಿಂದಿನ ದಿನದ ಬೂದಿಯನ್ನು ಬಿಟ್ಟು ಮುಖ ತೊಳೆದುಕೊಂಡಿದ್ದಳು.

"ನಿಮ್ಮ ಮಗ ಬಂದ ಅಂದ್ರೆ," ಎಂದು ಪಿಸುಗುಟ್ಟಿದಳು, "ಸಮುದ್ರದ ಆ ಕಡೆ ಯಾವುದೋ ದಡಕ್ಕೆ ನಮ್ಮವರೂ ಹತ್ತಿರಬಹುದಲ್ವಾ ಅಣ್ಣ? ನಾನೇ ಅವಸರ ಮಾಡಿದೆ ಅನ್ಸುತ್ತೆ."

ನಾನು ಹೇಳಬೇಕಿತ್ತು. ಆಗಲೇ ಮುಂದಿನವರು ಜಪಸರ ಎತ್ತಿದರು, ಮಾತು ನಿಷಿದ್ಧ. ನಿಯಮದ ನೆಪ ಸಿಕ್ಕಿತೆಂದು ಒಳಗೊಳಗೆ ಹಗುರವೂ ಆಯಿತು. ಮಧ್ಯಾಹ್ನದವರೆಗೆ ಅವಳ ದನಿ ನನ್ನ ಬೆನ್ನ ಹಿಂದೆ ಎಲ್ಲರಿಗಿಂತ ಗಟ್ಟಿಯಾಗಿತ್ತು. ಮಧ್ಯಾಹ್ನ ಬಿಡುವು ಕೊಡುವ ಕ್ರಮ ಎರಡನೇ ದಿನ ಇಲ್ಲವಂತೆ. ಎಡಗಡೆಯವನೂ ಬಿಡದೆ ಬರುತ್ತಿದ್ದ. ಈಗ ಅದು ನಿನ್ನ ತಮ್ಮನೇ ಎಂಬುದರಲ್ಲಿ ನನಗೆ ಅನುಮಾನ ಉಳಿದಿರಲಿಲ್ಲ. ಏರು ಬಂದಲ್ಲಿ ನಾನು ನಿಧಾನವಾದರೆ ಅವನೂ ನಿಧಾನ. ಹೆದರಿಕೆಯಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಹೋಗು ಎನ್ನಲು ಮನಸ್ಸು ಬರಲಿಲ್ಲ. ಆರು ವರ್ಷದ ಮೇಲೆ ಅಷ್ಟು ಹತ್ತಿರ ಬಂದಿದ್ದ.

ಕೊನೆಯ ಏರನ್ನು ಮೊಣಕಾಲಲ್ಲಿ ಹತ್ತಬೇಕು. ಕಲ್ಲು ಹಾಸಿದ ದಾರಿ. ಅರ್ಧ ಏರಿದ ಮೇಲೆ ಗುಡಿಯ ಬಾಗಿಲು, ಗಂಟೆ, ಬಿಳಿ ನಿಲುವಂಗಿಯ ಗುರುಗಳು ಕಂಡರು. ಹಿಂದೆ ಟೈಲರಮ್ಮನ ಏದುಸಿರು. ಹೀಗೆಯೇ ಹೋದರೆ ಅವಳು ಗಂಡ ಬದುಕಿದ್ದಾನೆಂಬ ಪ್ರಾರ್ಥನೆ ಹೇಳಿಸಿಕೊಂಡು, ನನ್ನ ದೆಸೆಯಿಂದ, ಮನೆಗೆ ಹೋಗಿ ಬಾಗಿಲು ನೋಡುತ್ತಾ ಕೂರುತ್ತಾಳೆ. ಆ ಕೂರುವಿಕೆ ಎಂಥದೆಂದು ನಮ್ಮ ಮನೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ನಾನು ಮೊಣಕಾಲಿನ ಮೇಲೆಯೇ ಬಲಕ್ಕೆ ಸರಿದೆ. ಖಾಲಿ ಬಿಟ್ಟಿದ್ದ ಜಾಗಕ್ಕೆ ನಾನೇ ಹೋಗಿ, ಎಡಗಡೆ ಜಾಗ ಬಿಟ್ಟೆ. ಎಲ್ಲರಿಗೂ ಕಾಣುವ ಹಾಗೆ, ಇಂಡಿಕೇಟರ್ ಹಾಕಿ ತಿರುಗಿಸಿದಷ್ಟು ನಿಧಾನವಾಗಿ.

ಹಿಂದೆ ಜಪ ಮಾಡುತ್ತಿದ್ದ ದನಿ ನಿಂತಿತು. ಆಮೇಲೆ ಕಲ್ಲಿನ ಮೇಲೆ ಬಟ್ಟೆ ಉಜ್ಜಿದ ಸದ್ದು ಕೇಳಿಸಿತು. ಅವಳೂ ಬಲಕ್ಕೆ ಸರಿದಳು. ಬೆಟ್ಟ ಇಳಿಯುವಾಗ ನನ್ನನ್ನು ದಾಟಿ ಹೋದಳು, ತಿರುಗಿ ನೋಡಲಿಲ್ಲ. ಅವಳ ವಿಳಾಸ ನನಗೆ ಗೊತ್ತಿಲ್ಲ.

ನಾನು ಎಡಗಡೆಯನ್ನು ಅವನಿಗೆಂದು ಬಿಟ್ಟ ಕ್ಷಣವೇ ಆ ಕಡೆ ಬರಿದಾಯಿತು ಮಗಳೇ. ತೋಳಿಗೆ ಬಿಸಿಲು ತಾಗಿತು. ಅವನು ಇಳಿದುಹೋಗಿದ್ದ. ಗುರುಗಳು ತೀರ್ಥ ಚಿಮುಕಿಸಿ ಸತ್ತವರಿಗಾಗಿ ಹೇಳುವ ಪ್ರಾರ್ಥನೆ ಹೇಳಿದರು. ಗಂಟೆ ಹೊಡೆಯಲಿಲ್ಲ. ನೀರು ಕಲ್ಲಿನ ಮೇಲೆ ಬಿದ್ದು ಒಣಗಿತು.

ಮನೆಗೆ ಬಂದಾಗ ಅಮ್ಮ ಮಂಚದ ಮೇಲೆ ಎದ್ದು ಕೂತಿದ್ದಳು. ಬಿಸಿನೀರಿನ ಬೋಗುಣಿಯನ್ನು ಪಕ್ಕದ ಮನೆಯವಳಿಂದ ತರಿಸಿ ಇಟ್ಟುಕೊಂಡಿದ್ದಳು. ನನ್ನ ಕಾಲು ನೋಡಿ, "ಅಯ್ಯೋ, ಇದೇನ್ರೀ, ಸೀಟಿನ ಮೇಲೆ ಕೂತು ಸಾಕಿದ ಕಾಲು!" ಎಂದು ನಕ್ಕು, ನಗುತ್ತಲೇ ಅತ್ತಳು. ಆಮೇಲೆ ಕೇಳಿದಳು.

"ಯಾವ ಕಡೆ ಬಿಟ್ರಿ?"

"ನೀನು ಹೇಳಿದ ಕಡೆನೇ."

"ಜೊತೆಗಿದ್ದ ಅನ್ನಿಸ್ತಾ?"

"ಅನ್ನಿಸ್ತು," ಎಂದೆ. ಅದೊಂದು ಮಾತ್ರ ನಿಜ.

"ನನಗೂ ಹಾಗೇ ಅನ್ನಿಸೋದು," ಎಂದಳು.

ಹೇಳಿಬಿಡಬೇಕೆಂದು ಅವತ್ತೇ ಇತ್ತು. ಅವಳ ಕಣ್ಣು ನನ್ನ ಮುಖದ ಮೇಲೇ ಇತ್ತು, ನನಗೆ ಬಾಯಿ ಬರಲಿಲ್ಲ. ಅವಳು ಹೀಗೆಯೇ ನನ್ನನ್ನು ಆರು ವರ್ಷ ನೋಡಿಕೊಂಡಿರಬೇಕು. ಈ ವಾರ ಮತ್ತೆ ಅವನ ಹಾಸಿಗೆಯ ಹೊದಿಕೆ ಬದಲಾಯಿಸಿ ಎಂದಳು. ಅವಳಿಗೆ ಏಳಲಾಗುವುದಿಲ್ಲವಲ್ಲ, ನಾನೇ ಬದಲಾಯಿಸಿದೆ. ಒಗೆಯುವ ಅಗತ್ಯವೇ ಇಲ್ಲದ ಬಟ್ಟೆಯನ್ನು ಒಗೆದು ಹರವಿದೆ.

ಅದಕ್ಕೇ ನೀನು ಎರಡು ದಿನ ರಜೆ ಹಾಕಿ ಬಾ. ನಾನೇ ಅವಳಿಗೆ ಹೇಳುತ್ತೇನೆ, ನೀನು ಹತ್ತಿರ ಇದ್ದರೆ ಸಾಕು. ಸತ್ತವರಿಗೆ ಮಾಡಿಸಬೇಕಾದ ಪೂಜೆಯನ್ನು ಅವನಿಗೆ ಇವತ್ತಿನವರೆಗೆ ನಾವು ಮಾಡಿಸಿಲ್ಲ. ಮಾಡಿಸೋಣ. ಸಮಾಧಿಯಿಲ್ಲ, ಒಂದು ಶಿಲುಬೆಯಾದರೂ ಇರಲಿ. ಅಮ್ಮ ಅವನಿಗಾಗಿ ಬಾಯಿಬಿಟ್ಟು ಒಂದು ಸಲವೂ ಅತ್ತಿಲ್ಲ ಎಂಬುದನ್ನು ನೀನು ಗಮನಿಸಿದ್ದೀಯಾ? ನಾನು ಮೊನ್ನೆ ಗಮನಿಸಿದೆ.

ಗೇಟಿನ ಹತ್ತಿರ ಆಟೋ ನಿಂತ ಸದ್ದಾಯಿತು. ಅಳಿಯಂದಿರಿಗೆ ನನ್ನ ನೆನಪುಗಳನ್ನು ಹೇಳು. ಪುಟಾಣಿಗೆ ಅಜ್ಜನ ಮುತ್ತು. ದೇವರು ನಿನ್ನ ಮನೆಯ ಮೇಲೆ ಕೈಯಿಟ್ಟು ಕಾಯಲಿ, ನೀನು ನಡೆಯುವ ದಾರಿಯಲ್ಲಿ ಮುಳ್ಳಿರದಿರಲಿ.

ನಿನ್ನನ್ನು ಸದಾ ನೆನೆಯುವ
ಅಪ್ಪ

ಮರೆತ ಮಾತು: ಆಟೋ ಎದುರು ಮನೆಗೆ ಬಂದದ್ದು, ಇನ್ನೂ ಸ್ವಲ್ಪ ಹೊತ್ತು ಸಿಕ್ಕಿತು. ಪ್ರತಿ ಭಾನುವಾರ ನೀನು ಫೋನ್ ಮಾಡಿದಾಗ ಮೊದಲು ಕೇಳುವುದು, "ತಮ್ಮನ ಸುದ್ದಿ ಏನಾದ್ರೂ ಬಂತಾ ಅಪ್ಪ?" ಎಂದು. ಇತ್ತೀಚೆಗೆ ಉತ್ತರಕ್ಕೆ ಕಾಯದೆ ಮುಂದಿನ ಮಾತಿಗೆ ಹೋಗುತ್ತೀಯ. ಯಾತ್ರೆಯಿಂದ ಬಂದ ಮೇಲಷ್ಟೇ ಅದು ನನ್ನ ಲೆಕ್ಕಕ್ಕೆ ಬಂತು. ನೀನೂ ನಮಗಾಗಿಯೇ ಕೇಳುತ್ತಿದ್ದೀಯಾ? ಹಾಗಿದ್ದರೆ ಈ ಮನೆಯಲ್ಲಿ ಅವನಿಗಾಗಿ ನಿಜವಾಗಿ ಕಾದವರು ಒಬ್ಬರೂ ಇರಲಿಲ್ಲ ಎಂದಾಯಿತು. ಒಂದು ವೇಳೆ ಅವನು ಎಲ್ಲೋ ಇದ್ದು, ತನ್ನನ್ನು ಮನೆಯವರು ಕಾಯುತ್ತಿದ್ದಾರೆಂದು ನಂಬಿಕೊಂಡಿದ್ದರೆ? ನನಗೆ ನಿದ್ದೆ ಬಿಡಿಸುವುದು ಈ ಒಂದು ಯೋಚನೆ. ನಿನಗೆ ನಂಬಿಕೆ ಉಳಿದಿದ್ದರೆ ಮೇಲೆ ಬರೆದದ್ದನ್ನೆಲ್ಲ ಹರಿದುಹಾಕು, ರಜೆ ಹಾಕಬೇಡ, ಬರಬೇಡ, ಭಾನುವಾರ ಮೊದಲಿನಂತೆ ಕೇಳು. ನಾನು, "ಇನ್ನೂ ಇಲ್ಲಮ್ಮ," ಎನ್ನುತ್ತೇನೆ.